ಕರಡಿಗೆಯ ಕೊಂಡಿಗೆ ಬಿಳಿಗಾರ

ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆಯ ಒಂದು ಕೊಂಡಿ ಕಿತ್ತು ಬಂದ ದಿನ ನಮ್ಮತ್ತೆ ಬೆಳಗಿನ ಚಹಾ ಕುಡಿಯಲಿಲ್ಲ. ಇಷ್ಟಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಅದು ಕರಡಿಗೆಗೆ ಮರಳುವವರೆಗೆ ಬಾಯಿಗೆ ಏನೂ ಬೇಡವೆಂದರು. ಆ ಕರಡಿಗೆ ಅವರ ತಾಯಿಯದು. ಮುಚ್ಚಳದ ಹೂವು ಸವೆದು, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟಾಗಿತ್ತು.

ಅತ್ತೆಯೂ ನಾನೂ ಹೋದಾಗ, ಕೊಟ್ಟೂರಿನ ಪೇಟೆಯಲ್ಲಿರುವ ಅಕ್ಕಸಾಲಿ ಪತ್ತಾರರು ಮುರಿದ ಜಾಗವನ್ನು ಅರದಿಂದ ಉಜ್ಜಿ ಹೊಳೆಯಿಸಿದರು.

"ಅಂಚು ಭಾಳ ತೆಳ್ಳಗಾಗೈತ್ರಿ ಅಮ್ಮಾರ. ಎರಡು ಸಲ ನೋಡ್ತೀನಿ. ಬೆಸುಗಿ ಹಿಡೀಲಿಲ್ಲಂದ್ರ ಕರಗಿಸಿ ಹೊಸಾದು ಮಾಡಬೇಕಾಗ್ತತಿ."

"ಹಂಗಾದ್ರ ನನ್ನೂ ಒಂದೀಟು ಕರಗಿಸಿ ಹೊಸಾಕಿನ್ನ ಮಾಡಪ್ಪ," ಅಂದರು ಅತ್ತೆ. ನಗುತ್ತಲೇ ಅಂದರೂ, ಲಿಂಗದ ಗಂಟು ಹಿಡಿದ ಕೈ ಬಿಗಿಯಾಗಿದ್ದನ್ನು ನೋಡಿದೆ.

ಪತ್ತಾರರು ಆಚೆ ತಿರುಗಿ, ಕಲ್ಲಿನ ಮೇಲೆ ನೀರು ಹನಿಸಿ, ಬಿಳಿಗಾರದ ತುಂಡನ್ನು ಗಂಧದಂತೆ ತೇಯತೊಡಗಿದರು. ನಾನು ಓದಿದ ಕಾನ್ವೆಂಟಿನ ಪ್ರಯೋಗಶಾಲೆಯಲ್ಲಿ ಸಿಸ್ಟರ್ ಇದನ್ನೇ ಬೊರಾಕ್ಸ್ ಅಂದಿದ್ದರು. ತಂತಿಯ ಕುಣಿಕೆಯಲ್ಲಿ ಕಾಯಿಸಿ ಗಾಜಿನ ಮಣಿ ಮಾಡಿ ತೋರಿಸಿ, ಬೆಸುಗೆಗೆ ಬಳಸುವ ಫ್ಲಕ್ಸ್ ಇದು ಎಂದು ಬರೆಸಿದ್ದರು. ಬರೆದು ಅಂಕ ಪಡೆದಿದ್ದೆ, ಅಷ್ಟೆ.

ಅದೇ ಹೊತ್ತಿಗೆ ಅತ್ತೆ ಸೀರೆಯ ಸೆರಗಿನ ಗಂಟು ಬಿಚ್ಚಿ, ಉಜ್ಜಿಟ್ಟ ಬೆಳ್ಳಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಯಾವ ಕೆಲಸಕ್ಕೂ ಮೊದಲು ವಿಭೂತಿ ಹಚ್ಚುವುದು ನಮ್ಮ ಮನೆಯ ರೂಢಿ. ಹೊಸ ಮಿಕ್ಸಿಗೂ ಹಚ್ಚಿದ್ದಾರೆ. ಬಿಳಿಗಾರವೂ ಬಿಳಿ. ಅದನ್ನು ಮೇಲೆ ಸವರಿದ ಪತ್ತಾರರಿಗೆ ಏನೂ ಕಾಣಲಿಲ್ಲ.

ಉರಿ ಬಿದ್ದಾಗ ಬೆಸುಗೆಯ ಚೂರು ಕರಗಿತು, ಆದರೆ ಹರಿಯಲಿಲ್ಲ. ಕಾದ ಹಂಚಿನ ಮೇಲಿನ ನೀರಹನಿಯಂತೆ ಗುಂಡಾಗಿ ಉರುಳಿ ಬಿತ್ತು. ಅವರು ಮತ್ತೆ ಉಜ್ಜಿದರು. ಅತ್ತೆ ಈ ಸಲ ಇನ್ನೂ ಧಾರಾಳವಾಗಿ ವಿಭೂತಿ ಹಚ್ಚಿದರು. ಬೆಸುಗೆ ಮತ್ತೆ ಉರುಳಿತು.

"ಬೆಳ್ಳಿಯಾಗ ಜೀವ ಇಲ್ರಿ. ಕರಗಿಸೋದ ಒಳ್ಳೇದು," ಅಂದರು ಪತ್ತಾರರು.

ಅತ್ತೆಯ ಮುಖ ಸಣ್ಣದಾಯಿತು. ನಾನು ಅವರ ಮಾತಿಗೆ ಎದುರಾಡಿದವಳಲ್ಲ. ಆದರೂ ಮೆಲ್ಲಗೆ, "ಉಜ್ಜಿದ ಮೇಲೆ ವಿಭೂತಿ ಹಚ್ಚಿದ್ರಿ, ಎರಡು ಸಲಾನೂ," ಅಂದೆ.

ಪತ್ತಾರರು ಉರಿ ಊದುವ ನಳಿಗೆ ಕೆಳಗಿಟ್ಟು ನಕ್ಕರು. "ಅಮ್ಮಾರ, ಬೆಸುಗಿ ಹರೀಬಾರದು ಅನ್ನೋ ಕಡಿಗೆ ನಾವ ಬೇಕಂತ ಸುಣ್ಣ ಹಚ್ತೀವಿ. ನೀವು ಹಚ್ಚಿದ್ದೂ ಹಂಗ ಆತು."

"ನೋಡಿದಾಕಿ ಮೊದ್ಲ ಹೇಳಬಾರದಾ?" ಅತ್ತೆ ನನ್ನತ್ತ ತಿರುಗಿದರು. "ನಿನ್ನ ಬಾಯಿಗೆ ಯಾರು ಬೆಸುಗಿ ಹಾಕಿದ್ರು?"

"ಮತ್ತ ನಿನ್ನ ಬಿಳಿಗಾರ ಏನು ಮಾಡ್ತತಪ್ಪ?" ಎಂದು ಪತ್ತಾರರನ್ನೂ ಕೇಳಿದರು.

"ಬೆಂಕಿ ತಗಲಿದ ಕೂಡ್ಲೆ ಬೆಳ್ಳಿ ಮ್ಯಾಲೆ ಕರಿ ಪದರ ಕೂಡ್ತತಿ. ಬೆಸುಗಿಗೆ ಬೆಳ್ಳಿ ಸಿಗಂಗಿಲ್ಲ. ಬಿಳಿಗಾರ ಆ ಕರೀನ ನುಂಗಿ, ಮತ್ತ ಗಾಳಿ ತಾಗದಂಗ ಹೊದಿಕಿ ಹಾಕ್ತತಿ. ಹೊಲಸು, ಬೂದಿ ಎಲ್ಲಾ ನುಂಗಂಗಿಲ್ಲ. ಅದಕ್ಕ ಮೊದ್ಲ ನಾವು ಉಜ್ಜಬೇಕು."

ಮೂರನೆಯ ಸಲ ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಉರಿಗೆ ಬಿಳಿಗಾರ ಜೋಳದ ಅರಳಿನಂತೆ ಉಬ್ಬಿತು, ಕುಗ್ಗಿತು, ಗಾಜಿನಂತೆ ಕರಗಿ ಹೊಳೆಯಿತು. ಅದರಡಿಯಲ್ಲಿ ಬೆಸುಗೆ ಸರ್ರನೆ ಸಂದಿನುದ್ದಕ್ಕೂ ಓಡಿತು. ಸಿಸ್ಟರ್ ಬರೆಸಿದ ಉತ್ತರ ಕಣ್ಣೆದುರು ಹರಿಯುತ್ತಿತ್ತು.

ಪತ್ತಾರರು ಅಂಟಿದ್ದ ಗಾಜನ್ನು ಪಟಿಕದ ನೀರಲ್ಲಿ ಕಳೆದು, ತೊಳೆದು ಒರೆಸಿ ಕೊಟ್ಟರು. ಅತ್ತೆ ಕೊಂಡಿಯನ್ನು ಜಗ್ಗಿ ನೋಡಿ, ಲಿಂಗವನ್ನು ಒಳಗಿಟ್ಟರು. ಸೆರಗಿನ ಗಂಟಿಗೆ ಹೋದ ಕೈ ತಡೆದು ನಿಂತಿತು.

"ಈಗ ಹಚ್ಚಬೌದಾ?"

"ಈಗ ಎಷ್ಟು ಬೇಕಾದ್ರೂ ಹಚ್ರಿ."

ಹಚ್ಚಿದರು. ಆಮೇಲೆ, "ಚಾ ಹೇಳಪ್ಪ, ಇಕಿಗೊಂದು, ನಿನಗೊಂದು," ಅಂದರು. "ನನಗ ಮಾತ್ರ ಎರಡು, ಮುಂಜಾನಿದೂ ಸೇರಿ."