ಉಳಿದ ಜೋಡಿ ಬೂಟು

ಪ್ರತಿ ಜೂನಿನಲ್ಲಿ ನಾನು ಕಲಿಸುತ್ತಿದ್ದ ಕಾಸಾರಶಿರಸಿಯ ಶಾಲೆಗೆ ಬಡ ಮಕ್ಕಳಿಗಾಗಿ ಹೊಸ ಬೂಟು ತರುತ್ತಿದ್ದವರು ಉದಗೀರದ ಒಬ್ಬ ನಿವೃತ್ತ ಕಂಡಕ್ಟರು. ಗೆಳೆಯರೆಲ್ಲ ಸೇರಿ ಕೊಂಡದ್ದನ್ನು ಹಂಚುವ ಕೆಲಸ ಅವರದು. ನೆಲದ ಮೇಲೆ ಕೂತು, ಮಗುವಿನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬೂಟು ತೊಡಿಸುವರು. ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, "ಒಳಗ ಬೆರಳು ಆಡ್ತಾವೇನು?" ಎಂದು ಕೇಳುವರು. ಆಡುತ್ತವೆ ಎನ್ನುವ ತನಕ ಬಿಡುತ್ತಿರಲಿಲ್ಲ.

ಒಂದು ವರ್ಷ ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳು ಎಡಗಾಲನ್ನು ಲಂಗದಡಿ ಮುಚ್ಚಿಕೊಂಡು ಕೂತಳು. ಹುಟ್ಟಿನಿಂದಲೇ ಆ ಪಾದ ಚಿಕ್ಕದು. ಅವರು ಏನೂ ಕೇಳದೆ ಎರಡು ಡಬ್ಬಿ ಬಿಚ್ಚಿ, ದೊಡ್ಡ ಜೋಡಿಯ ಬಲಗಾಲಿನದನ್ನೂ ಸಣ್ಣ ಜೋಡಿಯ ಎಡಗಾಲಿನದನ್ನೂ ತೊಡಿಸಿದರು. ಹುಡುಗಿ ಅಂಗಳದ ತನಕ ಓಡಿಹೋಗಿ ಬಂದಳು. ಆಮೇಲೆ ಉಳಿದ ಎರಡನ್ನು ನೋಡಿ, "ಇವು ಯಾರಿಗ್ರಿ ಕಾಕಾ?" ಅಂದಳು.

"ನಿಂದು ಎಡಗಾಲು ಸಣ್ಣದು ಅದ. ಬಲಗಾಲು ಸಣ್ಣದಿದ್ದಾಕಿ ಎಲ್ಲ್ಯಾದ್ರೂ ಇರ್ತಾಳವ್ವಾ. ಹುಡುಕತೀನಿ."

ಆ ವರ್ಷವೆಲ್ಲ ಜಳಕೋಟ, ದಾಳಿಂಬದ ಶಾಲೆಗಳಲ್ಲಿ ಹುಡುಕಿದರಂತೆ. ಮರುವರ್ಷ ಬಂದಾಗ, "ಸಿಕ್ಕಳೇನ್ರಿ?" ಎಂದು ಕೇಳಿದೆ.

"ಇಲ್ರಿ ಗುರೂಜಿ," ಅಂದರು. "ಸಿಗಲಿ ಅಂತ ಬೀರಪ್ಪಗ ಬೇಡಕೋಬೇಕಂತ ಹೋಗಿದ್ದೆ. ಗುಡಿ ಮುಂದ ನಿಂತಾಗ ಏನು ಬೇಡಬೇಕು ತಿಳೀಲಿಲ್ಲ ನೋಡ್ರಿ. ಇನ್ನೊಂದು ಕೂಸಿನ ಕಾಲೂ ಹಂಗೇ ಇರಲಿ ಅಂತ ಬೇಡಬೇಕೇನ್ರಿ?"

ಅವರು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.