ಯಾಕಮ್ಮ ಮತ್ತು ಹಳೇ ಹೋಟೆಲಿನ ಅಟ್ಟ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮಾತು ಕಲಿತಾಗಿನಿಂದ ಕಂಡಕಂಡದ್ದಕ್ಕೆಲ್ಲ "ಯಾಕೆ?" ಎಂದು ಕೇಳಿ ಕೇಳಿ, ಬಂದರಿನ ಬೀದಿಯವರ ಬಾಯಲ್ಲಿ ಅವಳು ಯಾಕಮ್ಮನಾದಳು. ಮದುವೆಯಾಯಿತು, ಮಗಳು ಹುಟ್ಟಿದಳು, ಆ ಮಗಳೂ ಬೆಳೆದು ಐಸ್ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಅಮ್ಮನ ಚಾಳಿ ಮಾತ್ರ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ?

ಬಂದರಿನ ಎದುರಿನ ಹಳೇ ಹೋಟೆಲಿನಲ್ಲಿ ಬಟ್ಟೆ ಒಗೆಯುವುದು ಅವಳ ಕೆಲಸ. ತಂಗಲು ಬಂದವರ ಹಾಸು, ಹೊದಿಕೆ, ದಿಂಬಿನ ಚೀಲಗಳನ್ನು ಹಿತ್ತಲಲ್ಲಿ ಒಗೆದು, ಬುಟ್ಟಿ ಹೊತ್ತು ಕಡಿದಾದ ಮರದ ಮೆಟ್ಟಿಲು ಹತ್ತಿ, ಅಟ್ಟದಲ್ಲಿ ಹರವುತ್ತಿದ್ದಳು. ಹೊರಗೆ ಹಾಕಿದರೆ ಬಟ್ಟೆಗೆಲ್ಲ ಮೀನಿನ ವಾಸನೆ ಹಿಡಿಯುತ್ತಿತ್ತು.

ಆ ಅಟ್ಟವೇ ಅವಳ ತಲೆಗೆ ಹುಳ ಬಿಟ್ಟಿದ್ದು. ಬೇರೆ ಮನೆಗಳ ತೊಲೆಗಳೆಲ್ಲ ನೆಟ್ಟಗಿದ್ದರೆ, ಇಲ್ಲಿಯವು ಎರಡೂ ಕಡೆಯಿಂದ ಪಕ್ಕೆಲುಬಿನಂತೆ ಬಾಗಿ ಮೇಲೆ ಒಂದಾಗುತ್ತಿದ್ದವು. ಯಾಕೆ? ಅಡುಗೆಯವನನ್ನು ಕೇಳಿದರೆ, "ನನ್ನ ಬೆನ್ನೂ ಬಾಗಿದೆ. ಯಾಕೆ ಅಂತ ಒಂದಿನ ಕೇಳಿದ್ಯಾ?" ಎಂದು ನಕ್ಕ. ಮ್ಯಾನೇಜರು, "ಬಟ್ಟೆ ಒಣಗುತ್ತಲ್ಲ, ಸುಮ್ನಿರು" ಎಂದರು.

ಹೀಗಿರುವಾಗ ಹಳೆಯ ಯಜಮಾನರು ತೀರಿಕೊಂಡು, ಹೋಟೆಲು ಅವರ ಅಳಿಯನ ಕೈಗೆ ಬಂತು. ಕೆಡವಿ ಹೊಸದು ಕಟ್ಟುವುದೆಂದು ಅವನು ತೀರ್ಮಾನಿಸಿದ. ಕೆಲಸದವರನ್ನು ಯಾರೂ ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೇ? ಆದರೆ ಹಳೇ ಕಟ್ಟಡವಾದ್ದರಿಂದ ಮೊದಲು ಪರಂಪರೆ ಇಲಾಖೆಯವರು ನೋಡಿ ಒಪ್ಪಬೇಕಿತ್ತು.

ಬಂದವರು ಹೆಂಗಸು, ನಡುವಯಸ್ಸಿನ ಅಧಿಕಾರಿ. ಮುಂಭಾಗದ ಕಿಟಕಿ, ನೆಲ, ಜಗಲಿ ಎಲ್ಲವನ್ನೂ ಯಾರೋ ಯಾವಾಗಲೋ ಬದಲಾಯಿಸಿದ್ದು ನೋಡಿ ನಿಟ್ಟುಸಿರಿಟ್ಟರು. "ಹಳೇದೇನೋ ಹೌದು. ಹಳೇದನ್ನೆಲ್ಲ ಉಳಿಸೋಕಾಗಲ್ಲ" ಎಂದು ಹೊರಟರು. ಅಳಿಯನ ಮುಖ ಅರಳಿತು.

ಅಷ್ಟರಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟು ಯಾಕಮ್ಮ ಅಡ್ಡ ಬಂದಳು. "ಮೇಡಂ, ಅಟ್ಟದ ತೊಲೆ ಯಾಕೆ ಬಾಗಿರೋದು?"

"ಇವಳದ್ದು ಇದ್ದದ್ದೇ ಮೇಡಂ, ನೀವು ಬನ್ನಿ" ಎಂದ ಅಳಿಯ.

ಅಧಿಕಾರಿ ನಿಂತರು. "ಯಾವ ಅಟ್ಟ?"

ಇಬ್ಬರೂ ಹತ್ತಿದರು. ಅಧಿಕಾರಿ ಟಾರ್ಚು ಹಿಡಿದು ಒಂದೊಂದೇ ತೊಲೆ ಸವರಿದರು. ಕಬ್ಬಿಣದ ಮೊಳೆಯಿಲ್ಲ, ಎಲ್ಲ ಮರದ ಗೂಟ. ಹಲಗೆಗಳ ಸಂದಿಯಲ್ಲಿ ಏನೋ ತುರುಕಿದ್ದರು. "ನನಗೂ ಗೊತ್ತಾಗ್ತಿಲ್ಲ ಕಣಮ್ಮ. ಇಂಥದ್ದು ನೋಡೇ ಇಲ್ಲ."

ಯಾಕಮ್ಮ ಸಂದಿಯಿಂದ ಚೂರು ಕಿತ್ತು ನೋಡಿದಳು. "ಹತ್ತಿ ಇದ್ದ ಹಾಗಿದೆ. ದೋಣಿಗೆ ನೀರು ನುಗ್ಗದ ಹಾಗೆ ಹೀಗೆ ತುಂಬ್ತಾರೆ..." ಎಂದವಳು ಅಲ್ಲಿಗೇ ನಿಲ್ಲಿಸಿ, "ನಮ್ಮ ಸೋದರಮಾವ ದೋಣಿ ಕಟ್ಟೋ ಬಡಗಿ. ಕೇಳೋಣ್ವಾ?" ಎಂದಳು.

ಮಾವನಿಗೆ ಮಂಡಿನೋವು. ಮರುದಿನ ಯಾಕಮ್ಮನ ಮಗಳೂ ಅಡುಗೆಯವನೂ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಇದೇ ಬೀದಿಯಲ್ಲಿ ಮುದುಕನಾದರೂ ಅವನು ಈ ಹೋಟೆಲಿನೊಳಗೆ ಕಾಲಿಟ್ಟಿರಲಿಲ್ಲ. ಅವನ ಪ್ರಾಯದಲ್ಲಿ ಬಂದರಿನ ಕೆಲಸದವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಅಟ್ಟಕ್ಕೆ ಬಂದವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಮಾವನಿಗೆ ಏನಾಯಿತೋ ಎಂದು ಯಾಕಮ್ಮ ಬಗ್ಗಿ ಅವನ ಮುಖ ನೋಡಿದಳು. ಆಮೇಲೆ ಅವನು ಕೆಮ್ಮು ಬರುವಷ್ಟು ನಕ್ಕ.

"ಲೇ ಹುಡುಗಿ, ಇದು ಛಾವಣಿ ಅಲ್ಲ ಕಣೇ, ದೋಣಿ! ನಮ್ಮ ಕಸುಬಿನೋರೇ ಕಟ್ಟಿರೋದು. ಮನೆ ಕಟ್ಟೋದು ಅವರಿಗೆಲ್ಲಿ ಬರ್ತಿತ್ತು? ಬರೋದನ್ನೇ ಬೋರಲು ಹಾಕಿದ್ದಾರೆ!"

ಅಧಿಕಾರಿ ಇಸ್ತ್ರಿ ಮಾಡಿದ ಸೀರೆಯ ಪರಿವೆಯಿಲ್ಲದೆ ಅವನ ಪಕ್ಕ ಮಲಗಿದರು. ಯಾಕಮ್ಮನೂ ಮಲಗಿದಳು. ಎಷ್ಟೋ ವರ್ಷ ತಲೆ ತಗ್ಗಿಸಿ ಓಡಾಡಿದ್ದ ಜಾಗ ಈಗ ತಲೆಯ ಮೇಲೆ ತೇಲುತ್ತಿದೆಯೇನೋ ಎನಿಸಿ ಅವಳಿಗೆ ಮೈ ಜುಮ್ಮೆಂದಿತು.

"ಹೋಟೆಲು ಕಟ್ಟೋಕೆ ದೋಣಿ ಬಡಗಿಗಳನ್ನ ಯಾಕೆ ಕರೆದ್ರು?" ಎಂದು ಅಧಿಕಾರಿ ಕೇಳಿದರು.

"ಗೊತ್ತಿಲ್ಲ ತಾಯಿ" ಎಂದ ಮಾವ. ಆಮೇಲೆ ಅಧಿಕಾರಿ ದೋಣಿ ಕಟ್ಟುವ ಕೊಟ್ಟಿಗೆಗಳಲ್ಲೆಲ್ಲ ಕೇಳಿಕೊಂಡು ತಿರುಗಿದರು. ಕಟ್ಟಿದವರ ಹೆಸರು ಸಿಗಲಿಲ್ಲ. ಬಾಗಿಲ ಬಳಿ ಹಾಕಿದ ಫಲಕದಲ್ಲಿ "ದೋಣಿ ಬಡಗಿಗಳು ಕಟ್ಟಿದ್ದು" ಎಂದಷ್ಟೇ ಬರೆಸಿದರು. ಅದನ್ನು ಓದಿಸಿ ಕೇಳಿದ ಮಾವ, "ಸಾಕು ಬಿಡು, ಕಸುಬಿನ ಹೆಸರಾದ್ರೂ ಬಂತಲ್ಲ" ಎಂದ.

ಕೆಡವಲು ಇಲಾಖೆ ಒಪ್ಪಲಿಲ್ಲ, ಕಟ್ಟಡ ಉಳಿಯಿತು. ಮೊದಲು ಕೆಂಡ ಕಾರಿದ ಅಳಿಯ, ನೋಡಲು ಜನ ಬರತೊಡಗಿದ ಮೇಲೆ ಅಟ್ಟವನ್ನು ತಾನೇ ಕಂಡುಹಿಡಿದವನಂತೆ ತೋರಿಸತೊಡಗಿದ. ತೇವ ಮರಕ್ಕೆ ಕೇಡೆಂದು ಅಲ್ಲಿ ಬಟ್ಟೆ ಹರವುವುದನ್ನು ಇಲಾಖೆ ನಿಲ್ಲಿಸಿತು. ಯಾಕಮ್ಮ ಈಗ ಅಡುಗೆಮನೆಯ ಹಿಂದಿನ ಇಕ್ಕಟ್ಟಿನಲ್ಲಿ ಹಗ್ಗ ಕಟ್ಟಿಕೊಂಡಿದ್ದಾಳೆ.

"ಬಾಯಿ ಮುಚ್ಕೊಂಡಿದ್ದಿದ್ರೆ ಬಟ್ಟೆನಾದ್ರೂ ನೆಟ್ಟಗೆ ಒಣಗ್ತಿತ್ತು" ಎಂದು ಮಗಳ ಹತ್ತಿರ ಗೊಣಗುತ್ತಾಳೆ.

"ಮುಚ್ಕೊಂಡಿರೋಕೆ ಆಗ್ತಿತ್ತಾ?" ಎಂದು ಮಗಳು ಕೇಳಿದರೆ ಮಾತ್ರ ಒಗೆಯುವ ಕಲ್ಲಿನ ಕಡೆ ತಿರುಗಿಕೊಳ್ಳುತ್ತಾಳೆ.