ಸೆರಗಿಲ್ಲದ ಸೀರೆ

ನಮ್ಮ ಸಾಲದ ಗುಂಪಿನಲ್ಲಿ ಮಗ್ಗದವಳು ನಾನೊಬ್ಬಳೇ. ಒಬ್ಬಳಿಗೆ ಕಿರಾಣಿ ಅಂಗಡಿ, ಒಬ್ಬಳಿಗೆ ಎಮ್ಮೆ, ಉಳಿದವರು ರೊಟ್ಟಿ ಬಡಿದು ಮಾರುವವರು. ಅವರ ಕೈಗೆ ದಿನಾ ದುಡ್ಡು ಬರುತ್ತದೆ. ನನಗೆ ಸೀರೆ ಮುಗಿದ ಮೇಲೆಯೇ ಕೂಲಿ. ಕಂತು ಮಾತ್ರ ಎಲ್ಲರಿಗೂ ಮಂಗಳವಾರವೇ. ಇಷ್ಟು ಸಣ್ಣ ಮಾತು ಇಳಕಲ್ಲಿನಲ್ಲೇ ಹುಟ್ಟಿ ಬೆಳೆದ ಆ ಹೆಂಗಸರ ತಲೆಗೆ ಹೋಗಲಿಲ್ಲ.

ಆ ವಾರ ಜ್ವರ ಬಂದು ನಾನು ಮಗ್ಗಕ್ಕೆ ಇಳಿದಿರಲಿಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಬೇಕು, ತುಂಬುವವರೆಗೆ ಯಾರೂ ಏಳುವಂತಿಲ್ಲ ಎಂದು ವಸೂಲಿಗೆ ಬರುವವನು ಅವರನ್ನೆಲ್ಲ ನನ್ನ ಮನೆಯ ಮುಂದೆಯೇ ಕೂರಿಸಿದ. ಬಿಸಿಲೇರಿದ ಹಾಗೆ ನನ್ನ ಗೆಳತಿಯರ ಬಾಯಿಯೂ ಜೋರಾಯಿತು.

"ಸೀರಿ ಒಡಲು ಮುಗದೈತ್ರಿ ಅಕ್ಕಾರ, ಸೆರಗಷ್ಟ ಉಳದೈತಿ. ಶನಿವಾರ ತುಂಬ್ತೇನ್ರಿ," ಎಂದು ಕೈಮುಗಿದೆ.

"ಆಗಿದ್ದಷ್ಟು ಕೊಯ್ದ ಕೊಡು. ಅಷ್ಟಕ್ಕರ ರೊಕ್ಕ ಕೊಡ್ತಾರ," ಎಂದಳು ಗುಂಪಿನ ಮುಖ್ಯಸ್ಥೆ, ಆ ಕಿರಾಣಿ ಅಂಗಡಿಯವಳು. ಸೀರೆಯೆಂದರೆ ಬೆಲ್ಲ ಎಂದುಕೊಂಡಿದ್ದಳು, ಒಡೆದು ಕೊಟ್ಟಷ್ಟಕ್ಕೆ ಬೆಲೆ. ನಾನು ಮಗ್ಗಕ್ಕೆ ಅಡ್ಡ ನಿಂತೆ. ಇಬ್ಬರು ನನ್ನ ರಟ್ಟೆ ಹಿಡಿದರು. ಅವಳು ನನ್ನದೇ ಕತ್ತರಿ ತೆಗೆದುಕೊಂಡು ಮಗ್ಗದ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳನ್ನೆಲ್ಲ ಕತ್ತರಿಸಿ ಹಾಕಿದಳು. ನಾನು ಕಿರುಚಿದೆ. ಎಮ್ಮೆಯವಳು ನಕ್ಕಳು. ಅವಳ ಹೆರಿಗೆಗೆ ದವಾಖಾನೆಯಲ್ಲಿ ಜೊತೆಗಿದ್ದವಳು ನಾನು.

ಕೊಯ್ದ ಬಟ್ಟೆಯನ್ನು ಹೊತ್ತುಕೊಂಡು ಎಲ್ಲರೂ ಸಾವುಕಾರರ ಅಂಗಡಿಗೆ ಹೋದೆವು. ನೂಲು ಅವರದು, ಕೈ ಮಾತ್ರ ನನ್ನದು. ಅವರು ಬಟ್ಟೆ ಬಿಡಿಸಿ ನೋಡಿದರು.

"ಸೆರಗಿಲ್ಲದ ಸೀರಿ ಯಾರ ಉಡ್ತಾರವಾ? ನೀ ಉಡ್ತೀಯೇನು?"

ಕೂಲಿ ಕೊಡಲಿಲ್ಲ. ಹಾಳಾದ ನೂಲಿನ ಬೆಲೆಯನ್ನು ನನ್ನ ತಲೆಗೆ ಕಟ್ಟಿದರು. ಅದು ತೀರುವ ತನಕ ಹೊಸ ನೂಲು ಕೇಳಲು ಬರಬೇಡ ಎಂದರು. ಅಷ್ಟು ಹೊತ್ತು ನನ್ನ ಬೆನ್ನು ಹತ್ತಿದ್ದ ಹೆಂಗಸರಲ್ಲಿ ಒಬ್ಬಳಾದರೂ ತಪ್ಪು ತನ್ನದೆಂದು ಬಾಯಿ ಬಿಡಲಿಲ್ಲ.

ಮುಂದಿನ ಮಂಗಳವಾರ ಮತ್ತೆ ಬಂದರು. ನಾನು ಬಾಗಿಲನ್ನು ಪೂರ್ತಿ ತೆರೆದು ಖಾಲಿ ಮಗ್ಗ ತೋರಿಸಿದೆ. ಶನಿವಾರದವರೆಗೆ ಕಾಯಲಾರದ ತಾವೇ ಇನ್ನು ಸಾಲ ತೀರುವವರೆಗೂ ನನ್ನ ಕಂತು ತುಂಬಬೇಕೆಂಬುದು ಅವರಿಗೆ ಆಗ ಹೊಳೆಯಿತು. ಅಂಗಡಿಯವಳು ಅಳತೊಡಗಿದಳು.

"ಮಗಳ ಸಾಲಿ ಫೀ ಕಟ್ಟೂದೈತಿ ತಂಗಿ. ಏನರ ಮಾಡು."

ಸುಳ್ಳೇಕೆ ಹೇಳಲಿ, ಅವಳ ಕಣ್ಣೀರು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟೆ.

"ಮಗ್ಗ ಅಲ್ಲೇ ಐತಿ. ಕುಂದ್ರು, ನೇಯಿ, ತುಂಬು."